ಬಳ್ಳಾರಿ ಜಾಲಿ ಕಾಯಿ: ಬೇಸಿಗೆಯ ಮೇವು ದನ, ಮೇಕೆಗಳಿಗೆ ವಿಷವಾಗುವುದು ಹೇಗೆ?

ಚೆನ್ನೈ: ನಗರದ ಹೊರವಲಯದ ಕೆರೆಯಂಗಳ, ಪಳ್ಳಿಕರಣೈ ಜೌಗು ಪ್ರದೇಶದ ಅಂಚು, ರಸ್ತೆ ಬದಿಯ ಬೀಳು ಜಾಗ, ಹೀಗೆ ಎಲ್ಲೆಡೆ ಹಬ್ಬಿರುವ ಮುಳ್ಳಿನ ಗಿಡವನ್ನು ತಮಿಳರು ಸೀಮೈ ಕರುವೇಲಂ ಎನ್ನುತ್ತಾರೆ. ನಮ್ಮಲ್ಲಿ ಅದೇ ಬಳ್ಳಾರಿ ಜಾಲಿ. ಅಂತರ್ಜಲ ಹೀರುತ್ತದೆ ಎಂಬ ಕಾರಣಕ್ಕೆ ಈ ಗಿಡ ಮದ್ರಾಸ್ ಹೈಕೋರ್ಟ್ ಮೆಟ್ಟಿಲನ್ನೂ ಏರಿದೆ. ಆದರೆ ಜಾನುವಾರು ಸಾಕುವವರ ಚಿಂತೆ ಬೇರೆ. ಅವರಿಗೆ ಭಯ ಇದರ ಕಾಯಿಯದ್ದು.

ಹಸಿರು ಎಲೆಯನ್ನು ದನಗಳು ಸಾಮಾನ್ಯವಾಗಿ ಮೂಸಿ ಬಿಟ್ಟುಬಿಡುತ್ತವೆ. ಹಳದಿ ಬಣ್ಣದ ಕಾಯಿ ಹಾಗಲ್ಲ, ಸಿಹಿಯಾಗಿರುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಹೋದಾಗಲೇ ಅದು ಉದುರಿ ನೆಲದ ಮೇಲೆ ಬಿದ್ದಿರುತ್ತದೆ. ಮಿತವಾಗಿ ತಿಂದರೆ ಒಳ್ಳೆಯ ಮೇವು, ಪ್ರೋಟೀನ್ ಕೂಡ ಇದೆ. ಹಸಿದ ದನ ಒಮ್ಮೆಲೇ ಹೊಟ್ಟೆ ತುಂಬಾ ತಿಂದರೆ ಮೆಲುಕು ಹಾಕುವುದು ನಿಂತು, ಹೊಟ್ಟೆ ಕಟ್ಟಿಕೊಳ್ಳುತ್ತದೆ.

ಅದಕ್ಕಿಂತ ಅಪಾಯಕಾರಿ ಇನ್ನೊಂದಿದೆ, ಅದು ನಿಧಾನವಾಗಿ ಬರುತ್ತದೆ. ಕಾಯಿಯಲ್ಲಿರುವ ಆಲ್ಕಲಾಯ್ಡ್‌ಗಳು ದವಡೆ ಆಡಿಸುವ ಸ್ನಾಯುಗಳಿಗೆ ಆಜ್ಞೆ ಕೊಡುವ ಮೆದುಳಿನ ನರಕೋಶಗಳನ್ನು ಹಾಳುಮಾಡುತ್ತವೆ. ಮೇವಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಕಾಯಿಯೇ ಆಗಿ, ತಿಂಗಳುಗಟ್ಟಲೆ ಹಾಗೇ ಮುಂದುವರಿದರೆ ದವಡೆ ಸ್ನಾಯು ಬತ್ತುತ್ತದೆ, ಬಾಯಿಂದ ಜೊಲ್ಲು ಸೋರುತ್ತದೆ, ಅಗಿಯಲು ಆಗುವುದಿಲ್ಲ. ಮುಂದೆ ಮೇವಿದ್ದರೂ ದನ ಬಡಕಲಾಗಿ ಸಾಯುತ್ತದೆ. ಈ ಮರ ವ್ಯಾಪಕವಾಗಿರುವ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಈ ರೋಗಕ್ಕೆ 'ಕಾರಾ ತೋರ್ತಾ', ಅಂದರೆ ಸೊಟ್ಟ ಮುಖ ಎಂದೇ ಹೆಸರು. ದನದ ಜತೆ ಮೇಕೆಗಳಿಗೂ ಇದು ತಗಲುತ್ತದೆ. ಸತ್ತ ನರಕೋಶ ಮತ್ತೆ ಬರುವುದಿಲ್ಲವಾದ್ದರಿಂದ, ಲಕ್ಷಣ ಬಲಿತ ಮೇಲೆ ಗುಣವಾಗುವುದು ಕಷ್ಟ.

ಗುಜರಾತಿನ ಕಛ್‌ನ ಬನ್ನಿ ಹುಲ್ಲುಗಾವಲಿನಲ್ಲಿ 1961ರಲ್ಲಿ ಅರಣ್ಯ ಇಲಾಖೆ ಉಪ್ಪುಭೂಮಿ ಹರಡದಂತೆ ತಡೆಯಲು ಇದನ್ನು ನೆಟ್ಟಿತು. ಹುಲ್ಲು ಹೋಗಿ ಮುಳ್ಳು ಬಂತು. ಕಾಯಿ ತಿಂದ ಕಾಂಕ್ರೇಜ್ ಹಸುಗಳು ಕಾಯಿಲೆ ಬಿದ್ದಿದ್ದರಿಂದಲೇ ಎಮ್ಮೆ ಸಾಕಣೆಗೆ ಹೊರಳಿದೆವು ಎನ್ನುತ್ತಾರೆ ಅಲ್ಲಿನ ಮಾಲಧಾರಿಗಳು.

ಅಂದಹಾಗೆ, ಇದನ್ನು ಭಾರತಕ್ಕೆ ತಂದ ಕಥೆಯೂ ಮದ್ರಾಸಿನದ್ದೇ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ ಜಮೈಕಾದಿಂದ ಬೀಜ ತರಿಸಿದರು. 1877ರಲ್ಲಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಮೊದಲು ನೆಡಲಾಯಿತು. ಕಡಪದ ಆಚೆಗಿನ ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಮುಂದಿನ ಪ್ರಸರಣವನ್ನು ದನ, ಮೇಕೆಗಳೇ ಮಾಡಿದವು. ಗಟ್ಟಿ ಬೀಜ ಜೀರ್ಣವಾಗದೆ ಸಗಣಿಯಲ್ಲಿ ಹೊರಬಿದ್ದು ಮೊಳೆಯುತ್ತದೆ.

ಎಂಡಿಎಂಕೆ ನಾಯಕ ವೈಕೋ ಅವರ ಅರ್ಜಿಯ ಮೇಲೆ ಹೈಕೋರ್ಟಿನ ಮದುರೈ ಪೀಠ ತೆರವಿಗೆ ಆದೇಶಿಸಿ, 2017ರಲ್ಲಿ ಕೆಲಸ ಜೋರಾಗಿ ನಡೆಯಿತು. ಅದೇ ವರ್ಷ ಚೆನ್ನೈನಲ್ಲಿ ಕೆಲಕಾಲ ತಡೆಯೂ ಸಿಕ್ಕಿತ್ತು. 2022ರಲ್ಲಿ ತಮಿಳುನಾಡು ಸರ್ಕಾರ ಇಂಥ ಆಕ್ರಮಣಕಾರಿ ಗಿಡಗಳ ತೆರವಿಗೆ ನೀತಿಯನ್ನೇ ತಂದಿದೆ. ಆದರೆ ರಾಮನಾಥಪುರದಂಥ ಒಣ ಜಿಲ್ಲೆಗಳಲ್ಲಿ ಇದ್ದಿಲು ಸುಡುವವರ ಅನ್ನ ಇದರಲ್ಲೇ ಇದೆ, ಬೇಸಿಗೆಯಲ್ಲಿ ಮೇಕೆಯ ಹೊಟ್ಟೆ ತುಂಬುವುದೂ ಇದರಿಂದಲೇ. ಕಡಿದ ಜಾಗದಲ್ಲಿ ಹುಲ್ಲು ಬೆಳೆಸದಿದ್ದರೆ ತೆರವು ಅರ್ಧ ಕೆಲಸವಷ್ಟೇ, ಬುಡ ಉಳಿದರೆ ಮತ್ತೆ ಚಿಗುರುತ್ತದೆ.

ಅಲ್ಲಿಯವರೆಗೆ ಸಾಕಣೆದಾರರು ಮಾಡಬಹುದಾದ್ದು ಇಷ್ಟು. ಕಾಯಿ ಉದುರುವ ದಿನಗಳಲ್ಲಿ ದನಗಳನ್ನು ಖಾಲಿ ಹೊಟ್ಟೆಯಲ್ಲಿ ಮೇಯಲು ಬಿಡಬೇಡಿ, ಮೊದಲು ಒಣಹುಲ್ಲು ಹಾಕಿ. ಕಾಯಿಯನ್ನು ಆರಿಸಿ ಒಣಗಿಸಿ, ಬೀಜ ಸಮೇತ ಪುಡಿಮಾಡಿ, ಬೇರೆ ಮೇವಿನ ಜತೆ ಸ್ವಲ್ಪವೇ ಬೆರೆಸಿ ಕೊಡಬಹುದು. ಇದರಿಂದ ಬೀಜ ಹರಡುವುದು ನಿಲ್ಲುತ್ತದೆ, ಆದರೆ ಪುಡಿ ಮಾಡಿದ ಮಾತ್ರಕ್ಕೆ ವಿಷ ಹೋಗುವುದಿಲ್ಲ. ಮೆಲುಕು ನಿಂತರೆ ಅಥವಾ ಅಗಿಯುವಾಗ ಮೇವು ಬಾಯಿಂದ ಬೀಳತೊಡಗಿದರೆ ಕಾಯಿ ಕೊಡುವುದನ್ನು ತಕ್ಷಣ ನಿಲ್ಲಿಸಿ, ಪಶುವೈದ್ಯರನ್ನು ಕರೆಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರ್ನಾಟಕ, ತಮಿಳುನಾಡು ಎರಡರಲ್ಲೂ 1962ಕ್ಕೆ ಕರೆ ಮಾಡಬಹುದು.