ಬಿಸಿಗಾಳಿಯ ಹೊದಿಕೆ
ಕರುಳಿನ ಕ್ಯಾನ್ಸರ್ ಆಪರೇಷನ್ ವೇಳೆ ರೋಗಿಯ ಮೈ ತಣ್ಣಗಾಗುವುದೇಕೆ?
— ಓದುಗರೊಬ್ಬರು, ಮೇಗರವಳ್ಳಿ

ಅರಿವಳಿಕೆ ಕೊಟ್ಟೊಡನೆ ಚರ್ಮದ ರಕ್ತನಾಳಗಳು ಹಿಗ್ಗಿ, ಒಡಲಿನ ಬಿಸಿರಕ್ತ ಕೈಕಾಲುಗಳತ್ತ ಹರಿಯುತ್ತದೆ. ಮಲೆನಾಡಿನ ಬಚ್ಚಲ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿದಂತೆ, ಒಳಗಿನ ತಾಪ ಮೊದಲ ಗಂಟೆಯಲ್ಲೇ 1ರಿಂದ 1.5 ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ನಡುಗಿ ಬಿಸಿಯಾಗುವ ಶಕ್ತಿಯೂ ಆಗ ಮೈಗಿಲ್ಲ. ಹೊಟ್ಟೆ ತೆರೆದಾಗ ಒದ್ದೆ ಕರುಳಿನಿಂದ ತೇವ ಆವಿಯಾಗಿ ಶಾಖ ಮತ್ತಷ್ಟು ಸೋರುತ್ತದೆ.

ತಣ್ಣಗಾದ ಮೈಯಲ್ಲಿ ಗಾಯಕ್ಕೆ ಆಮ್ಲಜನಕ ಸಾಲದು, ಬಿಳಿರಕ್ತಕಣಗಳೂ ಸೊರಗುತ್ತವೆ. ಕರುಳಿನ ಆಪರೇಷನ್ ಆದ 200 ರೋಗಿಗಳ ಬಗ್ಗೆ 1996ರಲ್ಲಿ ಪ್ರಕಟವಾದ ಅಧ್ಯಯನ ಕಣ್ತೆರೆಸುವಂಥದು: ಗಾಯದ ಸೋಂಕು ಬೆಚ್ಚಗಿಟ್ಟವರಲ್ಲಿ ಶೇ. 6, ತಣ್ಣಗಾದವರಲ್ಲಿ ಶೇ. 19. ಅದಕ್ಕೇ ಬಿಸಿಗಾಳಿಯ ಹೊದಿಕೆ, ಬೆಚ್ಚಗಾಗಿಸಿದ ಡ್ರಿಪ್.

ಆಪರೇಷನ್‌ಗೆ ಕಾಯುವಾಗ ಚಳಿಯೆನಿಸಿದರೆ ಸಂಕೋಚ ಬೇಡ, ನರ್ಸ್‌ಗೆ ಹೇಳಿ ಕಂಬಳಿ ಕೇಳಿ.