ಅಮೆರಿಕದ ಎಂ.ಎಫ್.ಎ. ಪದವಿ

ಅಮೆರಿಕದಲ್ಲಿ ಚಿತ್ರ, ಶಿಲ್ಪಾದಿ ಕಲೆಗಳಲ್ಲಿ ಎಂ.ಎಫ್.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿಯನ್ನು ಅಪೇಕ್ಷಿಸುವವರು ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ 60 ಕ್ರೆಡಿಟ್‌ಗಳನ್ನು ಪೂರೈಸತಕ್ಕದ್ದು. ಅದರಲ್ಲಿ ಬಹುಭಾಗ ಸ್ಟುಡಿಯೋದ ದುಡಿಮೆ, ಉಳಿದುದು ಕಲೆಯ ಇತಿಹಾಸ ಮತ್ತು ತತ್ತ್ವಗಳ ವ್ಯಾಸಂಗ. ಇದಕ್ಕಿಂತ ಕಠಿಣವಾದುದು, ಅಧ್ಯಾಪಕರೂ ಸಹಪಾಠಿಗಳೂ ಸುತ್ತ ನಿಂತು, ಬಣ್ಣವಿನ್ನೂ ಒಣಗದ ಕೃತಿಯನ್ನು ನಿರ್ದಾಕ್ಷಿಣ್ಯವಾಗಿ ಪ್ರಶ್ನಿಸುವ ವಿಮರ್ಶಾಸಭೆ. ಮುಖಸ್ತುತಿಗೆ ಒಗ್ಗಿದವರಿಗೆ ಅದು ಸಹ್ಯವಲ್ಲ. ಕಡೆಗೆ ಸ್ವಂತ ಕೃತಿಗಳ ಪ್ರದರ್ಶನ, ಅದರ ಸಮರ್ಥನೆಗೊಂದು ಲಿಖಿತ ಪ್ರಬಂಧ, ಸಮಿತಿಯೆದುರು ಮೌಖಿಕ ಪರೀಕ್ಷೆ. 1940ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಈ ಪದವಿಯನ್ನು ಮೊದಮೊದಲು ಪಡೆದವರಲ್ಲೊಬ್ಬರಾದ ಎಲಿಜಬೆತ್ ಕ್ಯಾಟ್ಲೆಟ್ ಒಪ್ಪಿಸಿದುದು ಸುಣ್ಣಕಲ್ಲಿನಲ್ಲಿ ಕಡೆದ ತಾಯಿ-ಮಗುವಿನ ಶಿಲ್ಪ. ಅದೇ ವರ್ಷ ಷಿಕಾಗೋದ ಪ್ರದರ್ಶನವೊಂದರಲ್ಲಿ ಅದಕ್ಕೆ ಪ್ರಥಮ ಬಹುಮಾನವೂ ದೊರೆಯಿತು.