ಇನ್‌ಸ್ಟಾಲ್ ಹೊತ್ತಿಗೆ ಕಾಣೆಯಾಗುವ ಎಸ್‌ಎಸ್‌ಡಿ

ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವ್‌ನಿಂದ ಹೊಸದಾಗಿ ವಿಂಡೋಸ್ ಹಾಕುವಾಗ, ಯಾವ ಡಿಸ್ಕಿಗೆ ಹಾಕಬೇಕೆಂದು ಕೇಳುವ ಪರದೆ ಕೆಲವೊಮ್ಮೆ ಖಾಲಿಯಾಗಿರುತ್ತದೆ. ಹಿಂದಿನ ದಿನದವರೆಗೂ ಚೆನ್ನಾಗಿ ನಡೆಯುತ್ತಿದ್ದ ಎಸ್‌ಎಸ್‌ಡಿಯ ಸುಳಿವೇ ಇರುವುದಿಲ್ಲ. ಡ್ರೈವ್ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಲೋಡ್ ಮಾಡಿ ಎಂಬ ಸೂಚನೆ ಮಾತ್ರ ಕಾಣುತ್ತದೆ. ಡಿಸ್ಕ್ ಕೆಟ್ಟಿತೆಂದು ಹೊಸದನ್ನು ಕೊಳ್ಳಲು ಓಡಬೇಕಾಗಿಲ್ಲ.

ಮೊದಲು ನೋಡಬೇಕಾದದ್ದು ಬಯೋಸ್. ಯಂತ್ರ ಆನ್ ಆಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿದರೆ ಸಾಮಾನ್ಯವಾಗಿ ಅದು ತೆರೆದುಕೊಳ್ಳುತ್ತದೆ. ಅಲ್ಲಿ ಎಸ್‌ಎಸ್‌ಡಿಯ ಹೆಸರಿದ್ದರೆ ಡಿಸ್ಕ್ ಜೀವಂತವಾಗಿದೆ, ಇನ್‌ಸ್ಟಾಲರ್‌ಗೆ ಮಾತ್ರ ಅದು ಕಾಣುತ್ತಿಲ್ಲ ಎಂದರ್ಥ. 2020ರಲ್ಲಿ ಬಂದ ಇಂಟೆಲ್ 11ನೇ ತಲೆಮಾರಿನ ಪ್ರೊಸೆಸರ್ ಮತ್ತು ಅದರ ನಂತರದವುಗಳಿರುವ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಮುಖ್ಯ ಕಾರಣ ವಿಎಂಡಿ. ಮೊದಲಿಗೆ ಸರ್ವರ್‌ಗಳಿಗಾಗಿ ರೂಪುಗೊಂಡ ಈ ವ್ಯವಸ್ಥೆಯಲ್ಲಿ ಎನ್‌ವಿಎಂಇ ಡ್ರೈವ್ ಒಂದು ಕಂಟ್ರೋಲರ್‌ನ ಹಿಂದೆ ಕುಳಿತಿರುತ್ತದೆ. ಆ ಕಂಟ್ರೋಲರ್‌ಗೆ ಬೇಕಾದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ಇಲ್ಲದಿದ್ದರೆ ಹಿಂದಿರುವ ಡಿಸ್ಕ್ ಗೋಚರಿಸದು. ಕಾರ್ಖಾನೆಯಲ್ಲೇ ಹಾಕಿಕೊಟ್ಟ ವಿಂಡೋಸ್‌ನಲ್ಲಿ ಆ ಡ್ರೈವರ್ ಇರುತ್ತದೆ. ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಂಡ ಪ್ರತಿಯಲ್ಲಿ ಅನೇಕ ವೇಳೆ ಇರುವುದಿಲ್ಲ.

ಪರಿಹಾರ ಕಷ್ಟದ್ದಲ್ಲ. ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ಮಾಡೆಲ್ ಸಂಖ್ಯೆ ಕೊಟ್ಟು ಆ ಡ್ರೈವರನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಬೇಕು. ಬಹಳಷ್ಟು ಜನ ಎಡವುವುದು ಇದರ ನಂತರ. ಇಳಿಸಿಕೊಂಡದ್ದು ಒಂದೇ ಇಎಕ್ಸ್‌ಇ ಫೈಲ್ ಆಗಿದ್ದರೆ ಅದನ್ನು ಹಾಗೆಯೇ ಪೆನ್‌ಡ್ರೈವ್‌ಗೆ ಹಾಕಿ ಪ್ರಯೋಜನವಿಲ್ಲ. ಅದನ್ನು ಬಿಚ್ಚಿ, ಐಎನ್‌ಎಫ್ ಫೈಲ್‌ಗಳಿರುವ ಫೋಲ್ಡರನ್ನು ನಕಲಿಸಬೇಕು. ಆಮೇಲೆ ಇನ್‌ಸ್ಟಾಲ್ ಪರದೆಯ 'ಲೋಡ್ ಡ್ರೈವರ್' ಒತ್ತಿ ಆ ಫೋಲ್ಡರನ್ನು ತೋರಿಸಿದರೆ ಡಿಸ್ಕ್ ಪಟ್ಟಿಗೆ ಬರುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುತ್ತಿದ್ದುದೂ ಇದೇ ಕೆಲಸಕ್ಕೆ.

ಇನ್ನೊಂದು ದಾರಿ, ಬಯೋಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು. ಏಸಸ್ ಯಂತ್ರಗಳಲ್ಲಿ ಎಫ್7 ಒತ್ತಿ ಅಡ್ವಾನ್ಸ್‌ಡ್ ಮೋಡ್‌ಗೆ ಹೋಗಬೇಕು. ಏಸರ್‌ನ ಅನೇಕ ಮಾಡೆಲ್‌ಗಳಲ್ಲಿ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದ ಮೇಲಷ್ಟೇ ಈ ಆಯ್ಕೆ ಕಾಣುತ್ತದೆ. ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕುವವರಿಗೆ ಇದು ಸುಲಭ. ಹಳೆಯ ವಿಂಡೋಸ್ ಉಳಿಸಿಕೊಳ್ಳುವವರು ಮಾತ್ರ ಇದಕ್ಕೆ ಕೈಹಾಕದಿರುವುದೇ ಲೇಸು: ಮುಂದಿನ ಸಲ ಅದು ತೆರೆಯದೆ ನೀಲಿ ಪರದೆ ಬರಬಹುದು, ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಎರಡು ಡ್ರೈವ್‌ಗಳನ್ನು ರೇಡ್‌ನಲ್ಲಿ ಜೋಡಿಸಿದ್ದರಂತೂ ವಿಎಂಡಿ ಮುಟ್ಟಲೇಬಾರದು.

ಬಯೋಸ್‌ನಲ್ಲೇ ಹೆಸರಿಲ್ಲದಿದ್ದರೆ ಮಾತು ಬೇರೆ. ಯಂತ್ರ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಸಂಪರ್ಕ ಕಳಚಿ, ಎಂ.2 ಕಾರ್ಡನ್ನು ಹೊರತೆಗೆದು ಮತ್ತೆ ಸರಿಯಾಗಿ ಕೂರಿಸಿ ಸ್ಕ್ರೂ ಬಿಗಿಮಾಡಬೇಕು. ಹೊಸ ಕಾರ್ಡ್ ಆಗಿದ್ದರೆ ಅದು ಸಾಟಾ ಬಗೆಯದೋ ಎನ್‌ವಿಎಂಇ ಬಗೆಯದೋ ನೋಡಬೇಕು. ನೋಡಲು ಒಂದೇ ಥರ ಇದ್ದರೂ ಎನ್‌ವಿಎಂಇಗಷ್ಟೇ ಇರುವ ಸ್ಲಾಟ್‌ನಲ್ಲಿ ಸಾಟಾ ಕಾರ್ಡ್ ಕೆಲಸ ಮಾಡದು. ಪಟ್ಟಿಯಲ್ಲಿ ಕಂಡು, ಫೈಲ್‌ಗಳು ನಕಲಾಗುತ್ತಿರುವಾಗ ನಡುವೆ ಮಾಯವಾಗುವ ಡ್ರೈವ್ ಹೆಚ್ಚು ಅಪಾಯದ್ದು. ಸಡಿಲ ಸಂಪರ್ಕ, ವಿಪರೀತ ಬಿಸಿ, ಫರ್ಮ್‌ವೇರ್ ದೋಷ, ಇಲ್ಲವೇ ಡ್ರೈವ್ ನಿಜಕ್ಕೂ ಸಾಯುತ್ತಿರುವುದು ಕಾರಣವಾಗಿರಬಹುದು. ಅಂಥದ್ದನ್ನು ಬೇರೆ ಯಂತ್ರದಲ್ಲಿ ಪರೀಕ್ಷಿಸದೆ ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಬಾರದು.

ಈ ಗಡಿಬಿಡಿಯಲ್ಲಿ ಶಿಫ್ಟ್ ಮತ್ತು ಎಫ್10 ಒತ್ತಿ ಡಿಸ್ಕ್‌ಪಾರ್ಟ್ ತೆರೆದು 'ಕ್ಲೀನ್' ಆದೇಶ ಕೊಡುವವರೂ ಉಂಟು. ಕಾಣದ ಡಿಸ್ಕನ್ನು ಆ ಆದೇಶ ಕರೆತರುವುದಿಲ್ಲ. ಆಯ್ದ ಡಿಸ್ಕಿನ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿಬಿಡುತ್ತದೆ. ಎಸ್‌ಎಸ್‌ಡಿ ಕಾಣದಿರುವಾಗ ಪಟ್ಟಿಯಲ್ಲಿ ಉಳಿಯುವುದು ಇನ್‌ಸ್ಟಾಲರ್ ಇರುವ ಪೆನ್‌ಡ್ರೈವ್ ಒಂದೇ, ಅಳಿಯುವುದೂ ಅದೇ. ಆದ್ದರಿಂದ ಓದುಗರು ಡಿಸ್ಕ್‌ಪಾರ್ಟ್‌ನಲ್ಲಿ ಯಾವ ಆದೇಶ ಕೊಡುವುದಕ್ಕೂ ಮುನ್ನ ಡಿಸ್ಕಿನ ಗಾತ್ರವನ್ನು ಎರಡು ಸಲ ಓದಿಕೊಳ್ಳಬೇಕು.